ನಾಮದ ಬಂಡೆಯ ಮರಿಗಳು

ಮೊನ್ನೆ ಕೆ.ಆರ್. ಪೇಟೆಯ ನಮ್ಮ ಬೀದಿಯಲ್ಲಿ ಯಾರೋ ಸಾರಿನ ಪುಡಿಗೆಂದು ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಘಾಟಿಗೆ ಬೀದಿಯವರೆಲ್ಲ ಕೆಮ್ಮಿದರು, ಬೈದರು, ನಕ್ಕು ಸುಮ್ಮನಾದರು. ನಾನು ಮಾತ್ರ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಎಷ್ಟೋ ವರ್ಷವಾಯಿತು, ಆ ಘಾಟು ಮೂಗಿಗೆ ಬಿದ್ದರೆ ಇವತ್ತಿಗೂ ಮನೆಯೊಳಗೆ ನಿಲ್ಲಲಾರೆ. ನನ್ನ ಮನೆಯಲ್ಲಿ ಮೆಣಸಿನಕಾಯಿ ಹುರಿಯುವುದಿಲ್ಲ, ಪುಡಿ ಅಂಗಡಿಯಿಂದ ಬರುತ್ತದೆ. ಸೋಮಾರಿ ಅಂತ ಅತ್ತೆ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ಆಗ ನಾನು ಬಿಂಡಿಗನವಿಲೆ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಟೀಚರು. ಪಕ್ಕದ ಮನೆಯವರು ಕುರಿ ತಾತ. ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಹೆಗಲ ಮೇಲೆ ಕಂಬಳಿ, ದವಡೆಯಲ್ಲಿ ಎಲೆಅಡಿಕೆ. ಊರ ಹಿಂದಿನ ಕುರುಚಲು ಗುಡ್ಡದಲ್ಲಿ ತೋಳಗಳಿದ್ದವು. ತಾತ ಆ ಹೆಸರು ಎತ್ತುತ್ತಿರಲಿಲ್ಲ, ನೆಂಟರ ಸುದ್ದಿ ಹೇಳುವ ಹಾಗೆ "ಗುಡ್ಡದೋರು" ಅನ್ನುತ್ತಿದ್ದರು. ವರ್ಷಕ್ಕೆ ಒಂದೋ ಎರಡೋ ಕುರಿಮರಿ ಹೋಗುತ್ತಿತ್ತು. ಹೋದ ದಿನ ಬಾಯಿಗೆ ಬಂದ ಹಾಗೆ ಬೈದು, ಮಾರನೆಯ ದಿನ "ಅವುಕ್ಕೂ ಒಟ್ಟೆ ಐತಲ್ಲವ್ವ, ಇನ್ನೇನ್ ತಿಂದಾವು" ಅಂದು ಮುಗಿಸುತ್ತಿದ್ದರು.

ಚಳಿಗಾಲದಲ್ಲಿ ತೋಳ ಮರಿ ಹಾಕಿತೆಂದರೆ ಅವರ ಮಂದೆ ಗುಡ್ಡದ ಆಚೆ ಮಗ್ಗುಲಿಗೆ ತಿರುಗುತ್ತಿತ್ತು. ಗವಿ ಎಲ್ಲಿದೆ ಅಂತ ಹೆಂಡತಿಗೂ ಹೇಳುತ್ತಿರಲಿಲ್ಲ. ಮರಿ ಇರುವ ಜಾಗ ಬಾಯಿಬಿಟ್ಟರೆ ಮಂದೆಗೆ ಕೇಡು ಅನ್ನುವುದು ಅವರ ಅಪ್ಪನ ಕಾಲದಿಂದ ನಡೆದು ಬಂದದ್ದು.

ಅಂಥವರನ್ನು ಕಾಡಿ ಬೇಡಿ ಒಪ್ಪಿಸಿದವಳು ನಾನು. ಮಕ್ಕಳಿಗೆ ಕಾಡುಪ್ರಾಣಿಗಳ ಪಾಠ ಮಾಡುವವಳು ಒಂದು ತೋಳವನ್ನೂ ಕಂಡಿಲ್ಲ ಅಂದರೆ ಹೇಗೆ ಅಂತ ದಿನಾ ರಾಗ ಎಳೆದೆ. ಸಂಕ್ರಾಂತಿ ಕಳೆದ ಭಾನುವಾರ ಕರೆದುಕೊಂಡು ಹೋದರು. ತಂಗಡಿ ಪೊದೆಯ ಹಿಂದೆ ಉಸಿರು ಹಿಡಿದು ಕೂತೆವು. ಎದುರಿನ ಬಂಡೆಯ ಬುಡದಲ್ಲಿ ಮೂರು ಮರಿ. ಒಂದು ಇನ್ನೊಂದರ ಬಾಲ ಕಚ್ಚಿ ಎಳೆಯುತ್ತಿತ್ತು. ತಾತ ಕಂಬಳಿಯ ಚುಂಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ...

"ನೋಡುದ್ರಲ್ಲ ಟೀಚರಮ್ಮ, ಇಲ್ಲಿಗೇ ಮರ್ತ್‌ಬುಡಿ. ಯಾರ್ಗೂ ಯೇಳ್ಬ್ಯಾಡಿ."

"ನನ್ನಾಣೆಗೂ ಹೇಳಲ್ಲ ತಾತ" ಅಂದೆ.

ಆದರೆ ಅವರು ಮುಂದೆ ಹೆಜ್ಜೆ ಹಾಕುತ್ತಿದ್ದಾಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡಿದ್ದೆ. ಸಂಜೆ ಅದನ್ನು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ಊರ ಹೆಸರು ಬರೆಯಲಿಲ್ಲ, ಅಷ್ಟು ಜಾಣೆ ನಾನು! "ವನ್ಯಜೀವಿಗಳನ್ನು ಉಳಿಸೋಣ" ಅಂತ ಬರೆದು ಕೈಮುಗಿಯುವ ಚಿತ್ರ ಬೇರೆ ಅಂಟಿಸಿದ್ದೆ. ಮರಿಗಳ ಹಿಂದಿದ್ದ ಬಂಡೆಯ ಮೇಲೆ, ಶ್ರಾವಣದಲ್ಲಿ ಊರವರು ಸುಣ್ಣ ಕೆಮ್ಮಣ್ಣಿನಲ್ಲಿ ಬರೆಯುವ ದೊಡ್ಡ ನಾಮ ಎದ್ದು ಕಾಣುತ್ತಿತ್ತು. ನಾಮದ ಬಂಡೆ ಗೊತ್ತಿಲ್ಲದವರು ಸುತ್ತ ಹತ್ತೂರಿನಲ್ಲಿ ಇರಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ನನಗದು ಹೊಳೆಯಲೇ ಇಲ್ಲ.

ಆ ವಾರ ಪಕ್ಕದೂರಿನ ಹಟ್ಟಿಯಲ್ಲಿ ಕುರಿಗಳು ಸತ್ತಿದ್ದವು. ಬೀದಿನಾಯಿ ಕೆಲಸ ಅಂತ ತಾತ ಹೇಳಿದ್ದರು, ಯಾರೂ ಕೇಳಲಿಲ್ಲ. ಫೋಟೋ ಅವರಿವರ ಮೊಬೈಲು ದಾಟಿ ಆ ಊರನ್ನೂ ಮುಟ್ಟಿತು.

ಗುರುವಾರ ಮಕ್ಕಳು ಊಟಕ್ಕೆ ಕೂತಿದ್ದಾಗ ಗುಡ್ಡದ ಮೇಲೆ ಹೊಗೆ ಕಂಡಿತು. ಓಡಿದೆ. ಅರ್ಧ ದಾರಿಯಲ್ಲೇ ಘಾಟು ಗಂಟಲು ಹಿಡಿಯಿತು. ಗವಿಯ ಬಾಯಲ್ಲಿ ಹುಲ್ಲಿನ ಜೊತೆ ಮೆಣಸಿನಕಾಯಿ ಸುಟ್ಟು, ಕಲ್ಲು ಮುಚ್ಚಿ, ಬಂದವರು ಹೊರಟುಹೋಗಿದ್ದರು. ತಾತ ಹೊಟ್ಟೆಯ ಮೇಲೆ ಮಲಗಿ ಬರಿಗೈಯಲ್ಲಿ ಕಲ್ಲು ಕೀಳುತ್ತಿದ್ದರು. ಕೆಮ್ಮು, ಕಣ್ಣಲ್ಲಿ ನೀರು. ಒಂದೊಂದಾಗಿ ಮೂರನ್ನೂ ತೆಗೆದು ಕಂಬಳಿಯ ಮೇಲೆ ಮಲಗಿಸಿದರು. ಕೊನೆಯದಕ್ಕೆ ಇನ್ನೂ ಉಸಿರಿತ್ತು. ಎದೆ ಉಜ್ಜಿದರು, ಮೂತಿಗೆ ಗಾಳಿ ಊದಿದರು... ಆಮೇಲೆ ಕೈ ತೆಗೆದರು.

"ಯಾರವ್ವ ಇವ್ರಿಗ್ ಯೇಳ್ದೋರು?"

ನನ್ನ ಮುಖವನ್ನೇ ನೋಡಿ ಕೇಳಿದರು. "ನಾನಲ್ಲ ತಾತ" ಅಂದುಬಿಟ್ಟೆ. ಯೋಚಿಸಿ ಹೇಳಿದ ಸುಳ್ಳಲ್ಲ, ಬಾಯಿಂದ ಜಾರಿತು. ಅವರು ನಂಬಿದರು. ನಂಬಿದ್ದೇ ದೊಡ್ಡ ಸಂಕಟ. ಮರಿಗಳ ಮೇಲೆ ಕಂಬಳಿ ಮಡಚಿದರು.

"ಅಂಗಾರೆ ನಾನೇ ಕಣವ್ವ. ವಯಸ್ಸಾಯ್ತಲ್ಲ... ಎಲ್ಲೋ ಬಾಯ್ ಬುಟ್ಬುಟ್ಟಿವ್ನಿ."

ತಾಯಿ ತೋಳ ನಾಲ್ಕೈದು ಸಂಜೆ ಬಂಡೆಯ ಹತ್ತಿರ ಬಂದು ಊಳಿಟ್ಟಿತು. ಆಮೇಲೆ ಆ ಗುಡ್ಡದಲ್ಲಿ ತೋಳದ ದನಿ ಯಾರೂ ಕೇಳಲಿಲ್ಲ. ಯುಗಾದಿಗೆ ಮುಂಚೆ ತಾತ ಮಂದೆ ಮಾರಿದರು. ಏಕೆ ಅಂದವರಿಗೆ, "ಬಾಯಿ ಕಟ್ಟಕ್ಕಾಗ್ದೋನ್ಗೆ ಮಂದೆ ಯಾಕ್ಲಾ?" ಅನ್ನುತ್ತಿದ್ದರು. ಜಗಲಿಯ ಮೇಲೆ ಕೂತು, ತಾನು ನಿನ್ನೆ ಯಾರ ಹತ್ತಿರ ಏನು ಮಾತಾಡಿದೆ ಅಂತ ಹೆಂಡತಿಯನ್ನು ಕೇಳುತ್ತಿದ್ದರು. ಬರಬರುತ್ತಾ ಮಾತಾಡುವುದನ್ನೇ ಬಿಟ್ಟರು. ಹೇಳಿಬಿಡಬೇಕು ಅಂತ ಎಷ್ಟು ಸಲ ಅವರ ಬಾಗಿಲಿಗೆ ಹೋದೆನೋ! ಕೈಯಲ್ಲಿ ಒಂದು ಬಟ್ಟಲು ಸಾರು ಹಿಡಿದು ಹೋಗಿ, ಕೊಟ್ಟು ವಾಪಸು ಬರುತ್ತಿದ್ದೆ. ಜೂನಿನಲ್ಲಿ ನನಗೆ ವರ್ಗವಾಯಿತು. ಮರು ವರ್ಷ ತಾತ ಹೋದ ಸುದ್ದಿ ಬಂತು.

ಈಗ ಶಾಲೆಯಲ್ಲಿ ವನ್ಯಜೀವಿ ಸಪ್ತಾಹ ಬಂದರೆ ಭಾಷಣ ನನ್ನದೇ. ಹುಲಿ, ಆನೆ, ದೂರದ ದೇಶಗಳ ಹಿಮಕರಡಿ, ಎಲ್ಲದರ ಬಗ್ಗೆ ಮಾತಾಡುತ್ತೇನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಾಮದ ಬಂಡೆಯ ಮೂರು ಮರಿಗಳ ಮಾತು ಮಾತ್ರ ಇದುವರೆಗೆ ಎತ್ತಿಲ್ಲ.

ಮೊನ್ನೆ ಘಾಟು ಇಳಿದ ಮೇಲೂ ಕಲ್ಲಿನ ಮೇಲಿಂದ ಏಳಲಾಗಲಿಲ್ಲ. ಅವತ್ತು ಹೇಳಬೇಕಿದ್ದ ಒಂದು ಮಾತನ್ನು, ಕೇಳುವವರಿಲ್ಲದ ಹಿತ್ತಲಿನಲ್ಲಿ ಕೂತು ಬಾಯಿಬಿಟ್ಟು ಹೇಳಿದೆ.

ನೀವಲ್ಲ ತಾತ... ನಾನು.