ಬಿದ್ದವನಿಗೆ ಎಲ್ಲ ಕೇಳಿಸುತ್ತಿತ್ತು

ಬೀರೇಶನ ಎಡಪಕ್ಕೆಯಲ್ಲಿ ಎರಡು ಎಲುಬು ಮುರಿದು ಸೊಟ್ಟಗೆ ಕೂಡಿಕೊಂಡಿವೆ. ಮುರಿದವನು ಒಡಹುಟ್ಟಿದ ಅಣ್ಣ ಮಾಯಪ್ಪ. ಖಾನಾಪುರದ ಹೊರಗೆ ಹೊಲದಲ್ಲಿ ರಾತ್ರಿ ಕುರಿ ತರುಬಿ ಕಾವಲಿದ್ದಾಗ ಬೀರೇಶ ನಿಂತಲ್ಲೇ ನಿದ್ದೆಹೋದ. ನಾಯಿಗಳು ಹನ್ನೊಂದು ಕುರಿಗಳ ಗಂಟಲು ಸೀಳಿದವು. ಆಗ ಅವನಿಗೆ ಹತ್ತೊಂಬತ್ತು. ಅಲ್ಲಿಂದ ಹನ್ನೆರಡು ವರ್ಷ ಅವನು ತಿಂದ ಏಟು, ಶಿವನೇ, ದನಕ್ಕೂ ಯಾರೂ ಹಾಗೆ ಬಡಿಯುವುದಿಲ್ಲ.

ತಿರುಗಿ ಹೊಡೆಯಬಾರದೇ ಎನ್ನುತ್ತೀರಿ. ಹೊಡೆಯಲು ನಿಲ್ಲಬೇಕಲ್ಲ! ಸಿಟ್ಟು ನೆತ್ತಿಗೇರಿದ ಕೂಡಲೇ ಅವನ ಮೊಣಕಾಲು ಕುಸಿಯುತ್ತಿದ್ದವು. ಜೋರಾಗಿ ನಕ್ಕರೂ ಅಷ್ಟೇ. ದೊಪ್ಪನೆ ಬಿದ್ದನೆಂದರೆ ಒಂದೆರಡು ನಿಮಿಷ ಬೆರಳು ಅಲ್ಲಾಡದು, ರೆಪ್ಪೆ ಏಳದು. ತಾಯಿ ಸಾತವ್ವ ಮಗನ ಮೈಮೇಲೆ ಬೀರದೇವರು ಬಂದರೆಂದು ಹಣೆಗೆ ಅರಿಶಿನದ ಭಂಡಾರ ಬಳಿದು, "ಈ ಸಲ ಮಳಿ ಹೆಂಗೈತೆಪ್ಪಾ?" ಎಂದು ಕೇಳುವಳು. ಮಾಯಪ್ಪನಿಗೆ ಆ ಭಕ್ತಿ ಇರಲಿಲ್ಲ. ತಾಯಿ ಆಚೆ ಹೋಗುವುದೇ ತಡ, ಕಿರುಗುಟ್ಟುವ ಕಾಲ್ಮರಿ ಮೆಟ್ಟಿದ ಕಾಲಿನಿಂದ ಪಕ್ಕೆಗೆ ಎರಡು ಒದೆ, ಮುಖಕ್ಕೊಂದು ಉಗುಳು. "ಸತ್ತರ ಪೀಡಾ ಹೋಗ್ತೈತಿ" ಎನ್ನುವನು. ಬಿದ್ದವನಿಗೆ ಎಚ್ಚರವಿಲ್ಲ ಎಂದೇ ಮನೆಮಂದಿಯೆಲ್ಲ ತಿಳಿದಿದ್ದರು. ಎಚ್ಚರ ಪೂರ್ತಿ ಇತ್ತು. ಒಂದೊಂದು ಮಾತೂ ಅವನೊಳಗೆ ಹೋಗಿ ಕೂತಿತ್ತು.

ಕಡೆಗೆ ಹೆಂಡತಿ ಮಾಲಾ ಅವನನ್ನು ಬಸ್ಸು ಹತ್ತಿಸಿ ಬೆಳಗಾವಿಗೆ, ಸದಾಶಿವನಗರದ ನಿದ್ದೆಯ ದವಾಖಾನೆಗೆ ಎಳೆದೊಯ್ದಳು. ತಲೆಗೆ ತಂತಿ ಅಂಟಿಸಿ ಮಲಗಿಸಿ ನೋಡಿದ ಡಾಕ್ಟರು, ಇದು ದೇವರೂ ಅಲ್ಲ, ಮೈಗಳ್ಳತನವೂ ಅಲ್ಲ, ಮಿದುಳಿನ ಕಾಯಿಲೆ ಎಂದರು. ಎಚ್ಚರವಿರಿಸುವ ಹೊಸ ಗುಳಿಗೆಯ ಪ್ರಯೋಗ ಅಲ್ಲಿ ನಡೆದಿತ್ತು; ಬೀರೇಶನನ್ನೂ ಅದಕ್ಕೆ ಸೇರಿಸಿಕೊಂಡರು. ಅರ್ಧ ಜನಕ್ಕೆ ಔಷಧ, ಉಳಿದವರಿಗೆ ಅದೇ ಬಣ್ಣದ ಬರೀ ಹಿಟ್ಟು; ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿಲ್ಲ. ದಾಖಲೆ ಬರೆಯುವ ಸಮೃದ್ಧಿ ಒಂದೇ ಮಾತು ಹೇಳಿದಳು: "ಮೈಯಾಗ, ಮನಸಿನ್ಯಾಗ ಏನ ಬದಲಾದ್ರೂ ಮುಚ್ಚಿಡಬ್ಯಾಡ್ರಿ."

ಮೂರನೆಯ ವಾರ ಬೀರೇಶ ಇಡೀ ಒಂದು ಮಧ್ಯಾಹ್ನವನ್ನು ಕಣ್ಣು ಬಿಟ್ಟುಕೊಂಡು ನೋಡಿದ. ಅದೇ ಮಧ್ಯಾಹ್ನ ಮಾಯಪ್ಪ ಬಂದು, "ಏನ್ಲೇ ಬೀರ್ಯಾ, ಗುಳಿಗಿ ತಿಂದು ಸಾಹೇಬ ಆದೇನು?" ಎಂದು ಬೆನ್ನಿಗೆ ಕೋಲು ಬೀಸಿದ. ಸಿಟ್ಟು ಏರಿತು. ರೂಢಿಯಂತೆ ಬೀರೇಶ ಬೀಳಲು ಕಾದ. ಮೊಣಕಾಲು ನಿಂತೇ ಇದ್ದವು! ಕೋಲು ಕಸಿದು ಅಣ್ಣನ ದವಡೆಗೆ ಬಾರಿಸಿದ. ಲಟಕ್ಕೆಂದಿತು, ಎರಡು ಹಲ್ಲು ರಕ್ತದ ಜೊತೆ ಉದುರಿದವು.

"ಸತ್ತರ ಪೀಡಾ ಹೋಗ್ತೈತಿ ಅಂತಿದ್ದಿಲ್ಲ? ನನ್ನ ಮದಿವ್ಯಾಗ ಹಂದರದ ಹಿಂದ ಎರಡು ಒದ್ದಿ. ಅಪ್ಪನ ಹೆಣ ಇನ್ನೂ ಮನ್ಯಾಗಿತ್ತು, ಅವತ್ತೂ ಒದ್ದಿ. ಎಲ್ಲಾ ಕೇಳೇನಲೇ!" ಎನ್ನುತ್ತ ಹೊಡೆದ. ಮಾಲಾ ನಡು ಹಿಡಿದು ಎಳೆಯದಿದ್ದರೆ ಕೊಂದೇ ಬಿಡುತ್ತಿದ್ದ.

ಮುಂದಿನ ತಪಾಸಣೆಯಲ್ಲಿ ಸಮೃದ್ಧಿ ಕೇಳಿದಳು: "ಸಿಟ್ಟು, ಬಡದಾಟ ಏನರ ಆಗೇತೇನ್ರಿ?" ಹೌದೆಂದರೆ ಗುಳಿಗೆ ನಿಲ್ಲುತ್ತದೆ, ಗುಳಿಗೆ ನಿಂತರೆ ಮತ್ತೆ ಅಣ್ಣನ ಕಾಲಡಿ. ಮಾಲಾ ಅವನ ತೊಡೆ ಚಿವುಟಿದಳು. ಇದೇ ಗುಳಿಗೆಯನ್ನು ನಾಳೆ ಇನ್ನಾರೋ ನುಂಗುತ್ತಾರೆ, ಅವರ ಮನೆಯಲ್ಲಿ ಕೂಸು ಇರಬಹುದು ಎಂದು ಬೀರೇಶನಿಗೆ ಹೊಳೆಯಿತು.

"ಅಣ್ಣನ ದವಡಿ ಮುರದೇನ್ರಿ ಅಕ್ಕಾರ. ಆ ಸಿಟ್ಟು ಗುಳಿಗಿದೋ ನಂದೋ ತಿಳೀವಲ್ದು. ಬರಕೊಳ್ರಿ."

ದವಾಖಾನೆಯವರ ವಿಚಾರಣೆ ಮುಗಿಯುವವರೆಗೆ ಗುಳಿಗೆ ನಿಂತಿತು.

ಎಂಟನೆಯ ದಿನ ಮಾಯಪ್ಪ ದವಡೆಗೆ ತಂತಿ ಬಿಗಿಸಿಕೊಂಡು ಅಂಗಳಕ್ಕೆ ಬಂದ. ಕಂಡದ್ದೇ ಬೀರೇಶನ ರಕ್ತ ಕುದಿಯಿತು, ಮೊಣಕಾಲು ಕುಸಿದವು, ಮುಖ ಮಣ್ಣಿಗೆ ಬಡಿಯಿತು. ಕಾಲ್ಮರಿ ಕಿರುಗುಟ್ಟುತ್ತ ಹತ್ತಿರ ಬಂದು ಪಕ್ಕೆಯ ಬಳಿ ನಿಂತಿತು. ಹಳೆಯ ಎಲುಬು ಮತ್ತೆ ಮುರಿಯುತ್ತದೆಂದು ಅವನು ಕಾದ.

"ಅವರಿಗೆ ಎಲ್ಲಾ ಕೇಳಸ್ತೈತ್ರಿ ಭಾವಾರ," ಮಾಲಾಳ ದನಿ. ಅವಳ ಕೈಯಲ್ಲಿ ಕುಡಗೋಲಿತ್ತೆಂದು ಅವನಿಗೆ ಆಮೇಲೆ ತಿಳಿಯಿತು. "ಒದೀರಿ, ನೋಡೂಣು."

"ಕೇಳಾಕತ್ತೇತೇನ್ಲೇ?" ಎಂದು ಅಣ್ಣ ಬಿಗಿದ ಬಾಯಿಂದ ತೊದಲಿದ. ಬಿದ್ದವನು ಉತ್ತರ ಕೊಡಲಿಲ್ಲ. ಮಾಯಪ್ಪ ಇನ್ನಷ್ಟು ಹೆದರಿದ. ಕಾಲ್ಮರಿ ಎರಡು ಹೆಜ್ಜೆ ಹಿಂದೆ ಸರಿಯಿತು, ಆಮೇಲೆ ದಡದಡ ಓಡಿತು.

ಬೀರೇಶನಿಗೆ ನಗು ಬಂತು. ನಗು ಬಂದದ್ದಕ್ಕೇ ಇನ್ನೂ ಒಂದು ನಿಮಿಷ ಏಳಲಾಗಲಿಲ್ಲ.