ಕಾಡಿಗೆಯ ಮೀಸೆ

ಎದುರಿನವರು ಮಾತಾಡುವಾಗ ನಮ್ಮ ಆಪ್ತಸಮಾಲೋಚಕಿಯ ಬಾಯಿ ಅರ್ಧ ತೆರೆದಿರುತ್ತಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿದ್ದರೂ ಮೇಲೆ ಸರಿಸುವ ನೆನಪಿರುತ್ತಿರಲಿಲ್ಲ. ಕತೆ ಕೇಳುವ ಮಗುವಿನ ಹಾಗೆ ಕೂತು, ನಾವು ಮಾತು ನಿಲ್ಲಿಸಿದ ಕೂಡಲೇ "ತರ್ವಾತ?" ಅನ್ನುತ್ತಿದ್ದರು. ಮನೆಮಾತು ತೆಲುಗು, 'ಆಮೇಲೆ?' ಎಂದು ಕೇಳಲು ಅವರಿಗೆ ಬೇರೆ ಮಾತೇ ಒಗ್ಗುತ್ತಿರಲಿಲ್ಲ. ಐವತ್ತು ದಾಟಿದವರಿಗೆ ಇಷ್ಟೊಂದು ಕುತೂಹಲ ಯಾಕೋ ಎಂದು ಮೊದಮೊದಲು ನನಗೆ ಸಿಟ್ಟೇ ಬರುತ್ತಿತ್ತು.

ನನಗೆ ಪಿಸಿಓಡಿ. ಹಾರ್ಮೋನಿನ ಏರುಪೇರು. ಮುಟ್ಟು ತನಗೆ ತೋಚಿದಾಗ ಬರುತ್ತದೆ, ಗದ್ದದ ಮೇಲೆ ಕೂದಲು ಮಾತ್ರ ತಪ್ಪದೆ ಬರುತ್ತದೆ. ಕುರುಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು ನಾನು. ಹಿಂದಿನ ಬೆಂಚಿನಿಂದ "ಮೀಸಿ ಟೀಚರ್" ಎಂಬ ಪಿಸುಮಾತು ಕೇಳಿದ ದಿನ ರಜೆ ಹಾಕಿದವಳು, ಕೆಲಸವನ್ನೇ ಬಿಡುವ ಮನಸ್ಸು ಮಾಡಿದ್ದೆ. ಗುಳಿಗೆ ಕೊಡುತ್ತಿದ್ದ ಡಾಕ್ಟರೇ "ಈ ಅಂಜಿಕಿ ಗುಳಿಗಿಗೆ ಹೋಗಂಗಿಲ್ಲಮ್ಮ" ಎಂದು ಬಳ್ಳಾರಿಯ ಪಾರ್ವತಿನಗರದಲ್ಲಿದ್ದ ಇವರ ಮಹಡಿ ಕೋಣೆಗೆ ಕಳಿಸಿದರು.

ಶನಿವಾರ ಮಧ್ಯಾಹ್ನ ನನ್ನಂಥವರೇ ಏಳೆಂಟು ಹೆಂಗಸರು, ಸಿರುಗುಪ್ಪದವರು, ಕರೂರು ಹಳ್ಳಿಯಿಂದ ಬಸ್ಸು ಹಿಡಿದು ಬರುವ ಒಬ್ಬಾಕೆ, ಚಾಪೆಯ ಮೇಲೆ ಸುತ್ತ ಕೂರುತ್ತಿದ್ದೆವು. ತಲೆ ಕೊರೆಯುವ ಒಂದು ಯೋಚನೆಯನ್ನು ಒಬ್ಬರು ಹೇಳಬೇಕು. ಅದರಲ್ಲಿ ನಿಜವೆಷ್ಟು, ಹೆದರಿಕೆಯೆಷ್ಟು ಎಂದು ಅಕ್ಕಿ ಆರಿಸಿದ ಹಾಗೆ ಎಲ್ಲರೂ ಸೇರಿ ಆರಿಸಬೇಕು. ಇನ್ನೊಬ್ಬರ ಗುಟ್ಟು ಹೊರಗೆ ಹೋಗಬಾರದು.

ನನ್ನ ಸರದಿಯಲ್ಲಿ, "ಎಲ್ಲಾರೂ ನನ್ನ ಗದ್ದ ನೋಡಿ ನಗ್ತಾರ್ರಿ" ಅಂದೆ.

"ತರ್ವಾತ?"

"ಆಮ್ಯಾಲೇನ್ರಿ, ಸತ್ತಂಗಾಕೈತಿ."

"ನಿನ್ನದಲ್ಲಮ್ಮ. ನಕ್ಕೋರು ತರ್ವಾತ ಏನ್ ಮಾಡ್ತಾರ?"

ಗೊತ್ತಿರಲಿಲ್ಲ. ಅಷ್ಟು ಹೊತ್ತಿಗೆ ನಾನು ಸೆರಗಿನಲ್ಲಿ ಮುಖ ಮುಚ್ಚಿರುತ್ತಿದ್ದೆ.

"ನನಗೂ ಗೊತ್ತಿಲ್ಲ. ನೋಡ್ಕೊಂಡು ಬರೋಣು ನಡಿ" ಅಂದವರೇ ಚೀಲದಿಂದ ಕಾಡಿಗೆ ಡಬ್ಬಿ ತೆಗೆದು, ತಮ್ಮ ತುಟಿಯ ಮೇಲೆ, ಗದ್ದಕ್ಕೆ ಎಳೆ ಎಳೆಯಾಗಿ ಬರೆದುಕೊಂಡರು. ಕರೂರಿನಾಕೆ ಬಾಯಿಗೆ ಕೈ ಅಡ್ಡ ಹಿಡಿದಳು.

ತರಕಾರಿ ಅಂಗಡಿಗಳ ಸಾಲಿಗೆ ಅವರೂ ನಾನೂ ಇಬ್ಬರೇ ಹೋದೆವು. "ನನ್ನ ನೋಡಬ್ಯಾಡ, ಮಂದೀನ ನೋಡು" ಎಂದು ತಾಕೀತು ಮಾಡಿದ್ದರು. ನೋಡಿದೆ. ಬೈಕಿನ ಮೇಲಿದ್ದ ಇಬ್ಬರು ಹುಡುಗರು ಒಬ್ಬರಿಗೊಬ್ಬರು ತೋರಿಸಿ ನಕ್ಕರು, ಆಮೇಲೆ ಗಾಡಿ ಓಡಿಸಿಕೊಂಡು ಹೋದರು. ಚಹಾದಂಗಡಿಯಲ್ಲಿ ಕೂತವರು ಕಣ್ಣರಳಿಸಿ ನೋಡಿ ಮತ್ತೆ ಚಹಾ ಕುಡಿದರು. ತರಕಾರಿಯಾಕೆ ಮಾತ್ರ ಕೇಳಿಯೇಬಿಟ್ಟಳು: "ಏನಮ್ಮ, ಮೀಸಿ ಬಂದಾವಲ್ಲ?"

"ಬಂದಾವ. ಬದನಿಕಾಯಿ ಹೆಂಗದಾವ?"

"ಎಳೇವು ಅದಾವ, ತಗೋರಿ."

ವಾಪಸು ಬಂದು ಮಹಡಿಯ ಮೆಟ್ಟಿಲ ಮೇಲೆ ಅವರು ಕುಸಿದು ಕೂತರು. ಬೆವರಿಗೆ ಕಾಡಿಗೆ ಹರಡಿತ್ತು. 'ನೋಡಿದ್ಯಾ, ಏನೂ ಆಗಲಿಲ್ಲ' ಎಂಬ ಪಾಠ ಇನ್ನು ಶುರುವಾಗುತ್ತದೆ ಅಂದುಕೊಂಡೆ.

"ನನಗ ಭಾಳ ನಾಚಿಕಿ ಆತಮ್ಮ" ಅಂದರು. "ಯಾರರ ಪರಿಚಯದೋರು ಸಿಕ್ಕರ ಏನ್ ಗತಿ ಅಂತ ಎದಿ ಹೊಡ್ಕೊಂತಿತ್ತು. ನಾನು ಸೋಪ್ ಹಚ್ಚಿ ತೊಳಕೊಂತೀನಿ, ಮುಗೀತು. ನೀನು ಇಷ್ಟು ವರ್ಷ ಹೆಂಗ ಬಸ್ ಹತ್ತಿ ಸಾಲಿಗೆ ಹೋದಿ?"

ಅದು ಸಮಾಧಾನದ ಮಾತಾಗಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವರಿಗೆ. ನನ್ನಷ್ಟು ಹೇಡಿ ಇನ್ನೊಬ್ಬಳಿಲ್ಲ ಎಂದು ನಂಬಿಕೊಂಡಿದ್ದ ನನಗೆ ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಉತ್ತರ ಹೇಳಲು ಹೋಗಿ ಅತ್ತುಬಿಟ್ಟೆ.

ಸೋಮವಾರ ಶಾಲೆಗೆ ಹೋದೆ. ಹಿಂದಿನ ಬೆಂಚಿನ ಒಂದಿಬ್ಬರು ಕಿಸಕ್ಕೆಂದರು, ಆಮೇಲೆ ಪುಸ್ತಕ ತೆಗೆದರು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು, ಹೃದಯ ನಿಂತಿತಂತೆ. ಸುದ್ದಿ ಕೇಳಿ ಕರೂರಿನಾಕೆಯೂ ನಾನೂ ಅವರ ಮನೆಗೆ ಹೋಗಿ ಹೆಂಗಸರ ನಡುವೆ ಕೂತೆವು. ಮಗಳು ಬಳಿಗೆ ಬಂದು, "ಅಮ್ಮ ನಿಮಗ ಹೆಂಗ ಪರಿಚಯ್ರಿ?" ಎಂದು ಕೇಳಿದಳು. ಕರೂರಿನಾಕೆ ತಲೆ ತಗ್ಗಿಸಿ "ಹಿಂಗ, ಗುರುತಿನೋರು" ಅಂದಳು. ನಾನೂ ಹಾಗೇ ಅನ್ನಬಹುದಿತ್ತು. ಆದರೆ ಅವರ ಮನೆಯಲ್ಲಿ ಕೂತು ಆ ಸುಳ್ಳು ನನ್ನ ಬಾಯಿಗೆ ಬರಲಿಲ್ಲ.

"ನನಗ ಪಿಸಿಓಡಿ ಐತಿ. ಮುಖದ ಮ್ಯಾಲ ಕೂದಲ ಬರ್ತಾವ" ಅಂದೆ. "ನಿಮ್ಮಮ್ಮ ಇರಲಿಲ್ಲಂದ್ರ ನಾನು ಸಾಲಿ ಬಿಟ್ಟು ಮನ್ಯಾಗ ಕುಂದರ್ತಿದ್ದೆ."

ಕೂತ ಹೆಂಗಸರೆಲ್ಲ ತಿರುಗಿ ನನ್ನ ಗದ್ದ ನೋಡಿದರು. ಕರೂರಿನಾಕೆ ನನ್ನ ಕೈ ಹಿಡಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ, "ನನಗೂ ಐತ್ರಿ" ಅಂದಳು.