ಲಗೇಜ್ ತಕ್ಕಡಿಗೆ ತೂಗುಬಿದ್ದ ಗರಗಸ

ದಮ್ಮಾಮಿನ ಯಂತ್ರೋಪಕರಣದ ಅಂಗಡಿಯಲ್ಲಿ ನನ್ನ ಹೆಂಡತಿ ಸಿಲ್ವಿಯಾ ವ್ಯಾನಿಟಿ ಬ್ಯಾಗಿನಿಂದ ಲಗೇಜ್ ತೂಗುವ ಕೈತಕ್ಕಡಿ ತೆಗೆದು, ಮರ ಕೊಯ್ಯುವ ಚೈನ್ ಸಾ ಒಂದನ್ನು ಅದರ ಕೊಕ್ಕೆಗೆ ತೂಗುಹಾಕಿದಳು. ಊರಿಗೆ ಹೊರಡುವ ವಾರ ಆ ತಕ್ಕಡಿ ಅವಳನ್ನು ಬಿಟ್ಟಿರುವುದಿಲ್ಲ. ಅಂಗಡಿಯ ಮಾಲೀಕರಾದ ಭಟ್ಕಳದ ಸಾಹೇಬರು ಕನ್ನಡಕ ಸರಿಮಾಡಿಕೊಂಡರು.

ನಾನೊಂದು ವಸತಿ ಸಮುಚ್ಚಯದ ಮೇಲ್ವಿಚಾರಕ. ಹಗ್ಗ ಕಟ್ಟಿಕೊಂಡು ಮರವೇರಿ ಕೊಂಬೆ ಕಡಿಯುವ ನಮ್ಮ ಬಶೀರನಿಗೆ ಭುಜದ ನೋವು. ಹಗುರವಾದ ಯಂತ್ರ ಸಿಗದಿದ್ದರೆ ಕೆಲಸ ಬಿಟ್ಟು ಊರಿಗೆ ಹೋಗುವುದೇ ಎಂದು ಅವನು ತೀರ್ಮಾನಿಸಿದ್ದ. ಅವನನ್ನೂ ಕರೆದುಕೊಂಡು ಬಂದು, ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ತೂಕವನ್ನು ನ್ಯಾಯಾಧೀಶನ ಗಾಂಭೀರ್ಯದಿಂದ ಓದಿ, ನಾನೇ ಒಂದನ್ನು ಆರಿಸಿದ್ದೆ. ತಕ್ಕಡಿ ಅದಕ್ಕಿಂತ ಬಹಳ ಹೆಚ್ಚು ತೋರಿಸಿತು.

"ಬರೆದದ್ದು ಬ್ಲೇಡು, ಚೈನು, ಎಣ್ಣೆ ಇಲ್ಲದ ತೂಕ ಮೇಡಂ," ಎಂದರು ಸಾಹೇಬರು.

"ಖಾಲಿ ಸೂಟ್‌ಕೇಸ್ ಹಿಡ್ಕೊಂಡು ಯಾರು ಊರಿಗೆ ಹೋಗ್ತಾರೆ ಮಾರಾಯ್ರೆ? ಎಲ್ಲ ತುಂಬಿಸಿಯೇ ತೂಗುವ."

ಗಲ್ಫಿನಲ್ಲಿ ತಲೆ ನರೆತ ಸಾಹೇಬರು ಎಣ್ಣೆಯ ಡಬ್ಬಿ ತೆರೆದರು. ಉಳಿದವನ್ನೂ ಸಜ್ಜುಗೊಳಿಸಿ ಒಂದೊಂದಾಗಿ ತೂಗಿದರು. ಎಲ್ಲ ತುಂಬಿದ ಮೇಲೂ ಹಗುರವಾಗಿದ್ದದ್ದು, ಆಟಿಕೆಯಂತಿದೆ ಎಂದು ನಾನು ಬದಿಗಿಟ್ಟ ಪುಟ್ಟ ಯಂತ್ರ. ಬಶೀರ್ ಅದನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದ, ಮುಖ ಕಿವುಚಲಿಲ್ಲ.

ಬಶೀರ್ ಊರಿಗೆ ಹೋಗಲಿಲ್ಲ. ನಾವು ಹೋದೆವು. ವಿಮಾನ ನಿಲ್ದಾಣದಲ್ಲಿ ನಮ್ಮ ಲಗೇಜಿನ ತೂಕ ಮಿತಿ ಮೀರಿತ್ತು, ಏಕೆಂದರೆ ತಕ್ಕಡಿಯನ್ನು ಸಾಹೇಬರು ಅಂಗಡಿಗೆಂದು ಕೇಳಿ ಇಟ್ಟುಕೊಂಡಿದ್ದರು.